ಪಂಪಿನ ಕತ್ತಿನಲ್ಲೊಂದು ತೂತು

ನಮ್ಮ ಮನೆಯಲ್ಲಿ ಗೀಸರ್ ಬಿಸಿಯಾಗದಿದ್ದರೆ, ಫ್ಯೂಸ್ ಪದೇ ಪದೇ ಹಾರಿದರೆ, ಸಿಂಕಿನಲ್ಲಿ ನೀರು ಕಟ್ಟಿ ನಿಂತರೆ ಮೊದಲು ನನ್ನನ್ನು ಕೂಗುತ್ತಾರೆ. ಪ್ಲಂಬರನಿಗೆ ಫೋನು ಹೋಗುವುದು ಆಮೇಲೆ. ನಾನು ಕೋಲೂರಿಕೊಂಡು ಹೋಗಿ ನಿಂತು ಒಂದೇ ಪ್ರಶ್ನೆ ಕೇಳುತ್ತೇನೆ: "ಇದು ಸರಿಯಾಗಿದ್ದಾಗ ಕೊನೆಗೆ ಮುಟ್ಟಿದವರು ಯಾರು?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮೊಮ್ಮಕ್ಕಳು ನನಗೆ ಪೊಲೀಸಜ್ಜಿ ಎಂದು ಹೆಸರಿಟ್ಟಿದ್ದಾರೆ. ಇಟ್ಟರೆ ಇಡಲಿ. ಹೋದ ತಿಂಗಳು ಬಚ್ಚಲಿಗೆ ಬಿಸಿನೀರು ಬರುತ್ತಿಲ್ಲವೆಂದು ಇಡೀ ಮನೆ ತಲೆ ಕೆಡಿಸಿಕೊಂಡಿತ್ತು, ಹೊಸ ಗೀಸರ್ ತರುವ ಮಾತೂ ಆಗಿತ್ತು. ಕೊನೆಗೆ ನೋಡಿದರೆ ಸುಣ್ಣ ಬಳಿಯಲು ಬಂದವನು ತನ್ನ ಬಕೆಟ್ಟು ನೇತುಹಾಕಲು ಹಿಂದಿನ ವಾಲ್ವನ್ನು ತಿರುಗಿಸಿಟ್ಟಿದ್ದ. ಪೊಲೀಸಜ್ಜಿ ಇಲ್ಲದಿದ್ದರೆ ಒಂದು ಒಳ್ಳೆಯ ಗೀಸರ್ ಗುಜರಿಗೆ ಹೋಗುತ್ತಿತ್ತು.

ಈ ಪ್ರಶ್ನೆ ನನ್ನದಲ್ಲ, ನನ್ನ ಅಪ್ಪನದು. ವಿರಾಜಪೇಟೆಯಲ್ಲಿ ಅಪ್ಪನಿಗೆ ಪೆಟ್ರೋಮ್ಯಾಕ್ಸ್, ಸ್ಟವ್, ಸೈಕಲ್ ರಿಪೇರಿ ಮಾಡುವ ಅಂಗಡಿಯಿತ್ತು. ಯಾರಾದರೂ ಉರಿಯದ ದೀಪ ತಂದಿಟ್ಟರೆ ಅವರು ತಕ್ಷಣ ಬಿಚ್ಚುತ್ತಿರಲಿಲ್ಲ. ಕೊನೆಗೆ ಯಾವಾಗ ಚೆನ್ನಾಗಿ ಉರಿಯಿತು, ಆಮೇಲೆ ಯಾರು ಮುಟ್ಟಿದರು, ಏನು ಮಾಡಿದರು ಎಂದು ವಿಚಾರಿಸುತ್ತಿದ್ದರು. ಬಂದವರಿಗೆ ಸಿಟ್ಟು ಬರುತ್ತಿತ್ತು. "ರಿಪೇರಿ ಮಾಡ್ತೀರೋ, ಜಾತಕ ಬರೀತೀರೋ?" ಎಂದು ಒಬ್ಬರು ಕೇಳಿದ್ದು ನನಗೆ ಈಗಲೂ ನೆನಪಿದೆ. ಅಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣುಮುಚ್ಚಿ ಕೂರುತ್ತಿದ್ದರು. ನಾನು ಶಾಲೆ ಬಿಟ್ಟು ಬಂದು ಅಂಗಡಿಯಲ್ಲೇ ಕೂತು ಅದನ್ನೆಲ್ಲ ನೋಡುತ್ತಿದ್ದೆ. ಹೆಣ್ಣುಮಗಳಿಗೆ ಇದೆಲ್ಲ ಏಕೆಂದು ಅಮ್ಮ ಗೊಣಗುತ್ತಿದ್ದರು. ಮದುವೆಯಾಗಿ ಹೊರಟಾಗ ಅಪ್ಪ ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಒಂದು ಸ್ಕ್ರೂಡ್ರೈವರ್ ಇಟ್ಟಿದ್ದರು.

ಆಗ ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿತ್ತು. ಪಟ್ಟಣದ ಕೆಲವು ಬೀದಿಗಳಿಗೆ ಕರೆಂಟು ಬಂದಿತ್ತು. ನಾನು ಸೇರಿದ ಮನೆ ನಾಪೋಕ್ಲಿನಿಂದ ಆಚೆ, ಗದ್ದೆ ಬಯಲಿನ ಮೇಲಿನ ದಿಣ್ಣೆಯಲ್ಲಿತ್ತು. ಅಲ್ಲಿಗೆ ಕಂಬ ಬರುವುದಿರಲಿ, ಕಂಬದ ಮಾತೂ ಬಂದಿರಲಿಲ್ಲ. ಮಾವ ಸುಂಟಿಕೊಪ್ಪದ ಕಡೆಯ ಒಂದು ಎಸ್ಟೇಟಿನಲ್ಲಿ ಬಹಳ ವರ್ಷ ಲೆಕ್ಕ ಬರೆಯುವ ರೈಟರಾಗಿದ್ದು ಮನೆಗೆ ಮರಳಿದವರು. ನನ್ನ ಗಂಡ ಮಡಿಕೇರಿಯ ಕಚೇರಿಯೊಂದರಲ್ಲಿ ಗುಮಾಸ್ತ, ಶನಿವಾರ ಬಸ್ಸಿಗೆ ಬಂದು ಸೋಮವಾರ ಹೋಗುವವರು. ಹಾಗಾಗಿ ಮನೆಯಲ್ಲಿ ವಾರವಿಡೀ ಮಾವ, ಅತ್ತೆ ಮತ್ತು ನಾನು, ಮೂವರೇ.

ಮನೆ ಚೆನ್ನಾಗಿತ್ತು, ನೀರೊಂದು ಇರಲಿಲ್ಲ. ಬಾವಿ ತೋಡಿದ ಕಡೆಯೆಲ್ಲ ಬಂಡೆ ಸಿಕ್ಕಿತ್ತು. ಕುಡಿಯಲು, ಬೇಯಿಸಲು, ಬಚ್ಚಲಿನ ಹಂಡೆಗೆ, ದನಗಳಿಗೆ, ಎಲ್ಲಕ್ಕೂ ಕೆಳಗಿನ ತೊರೆಯಿಂದಲೇ ಹೊತ್ತು ತರಬೇಕು. ಅತ್ತೆ ಆ ಮನೆಗೆ ಬಂದ ದಿನದಿಂದ ಹೊತ್ತಿದ್ದರು. ಸೊಂಟದಲ್ಲಿ ಕೊಡ ಇಟ್ಟು ಇಟ್ಟು ಅವರ ನಡಿಗೆ ಒಂದು ಕಡೆಗೆ ವಾಲಿತ್ತು. ಕೊಡ ಇಲ್ಲದಾಗಲೂ ಎಡಗೈ ಅದನ್ನು ಬಳಸಿ ಹಿಡಿದಂತೆಯೇ ಬಾಗಿರುತ್ತಿತ್ತು. ನಾನು ಸೊಸೆಯಾಗಿ ಬಂದ ವರ್ಷದ ಮಳೆಗಾಲದಲ್ಲಿ ಅವರು ತೊರೆಯ ಏರಿನಲ್ಲಿ ಜಾರಿ ಬಿದ್ದರು. ಮೊಣಕಾಲು ಕುಂಬಳಕಾಯಿಯಾಯಿತು. ವಿರಾಜಪೇಟೆಯ ಡಾಕ್ಟರು ಪಟ್ಟಿ ಕಟ್ಟಿ, "ಇನ್ನು ಭಾರ ಹೊತ್ತು ಏರು ಹತ್ತಿದರೆ ಈ ಕಾಲು ನಿಮ್ಮದಲ್ಲ" ಎಂದು ನೇರವಾಗಿ ಹೇಳಿದರು. ಆಮೇಲೆ ನೀರು ಹೊತ್ತವಳು ನಾನು. ಎರಡು ತಿಂಗಳಾಗುವಷ್ಟರಲ್ಲಿ ನನಗೆ ದಿನ ನಿಂತಿತು. ಹೊಟ್ಟೆಯಲ್ಲಿ ಕೂಸಿರುವವಳು ಕೊಡ ಮುಟ್ಟಕೂಡದೆಂದು ಅತ್ತೆ ಹಟ ಹಿಡಿದರು. ಪಟ್ಟಿ ಕಟ್ಟಿದ ಕಾಲೆಳೆದುಕೊಂಡು ಕೊಡದತ್ತ ಹೊರಟವರನ್ನು ನೋಡಿ ಮಾವನಿಗೆ ಏನೋ ಹೊಳೆದಿರಬೇಕು, ಮರುದಿನವೇ ಸುಂಟಿಕೊಪ್ಪದ ಬಸ್ಸು ಹತ್ತಿದರು.

ವಾರದ ಮೇಲೆ ಎತ್ತಿನಗಾಡಿಯಲ್ಲಿ ಒಂದು ಕಬ್ಬಿಣದ ಮುದ್ದೆ ಬಂದಿತು. ಮಾವ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಬಿಳಿ ದೊರೆ ತಮ್ಮ ದೇಶಕ್ಕೆ ಹೊರಟು ನಿಂತಿದ್ದರಂತೆ. ಮೂಲೆಯಲ್ಲಿ ಬಿದ್ದಿದ್ದ ರ‍್ಯಾಮ್ ಪಂಪನ್ನು ಹಳೆಯ ರೈಟರಿಗೆ ಕೊಟ್ಟು ಕಳಿಸಿದ್ದರು. ಅದಕ್ಕೆ ಕರೆಂಟು ಬೇಡ, ಎಣ್ಣೆ ಬೇಡ. ತೊರೆಯ ನೀರನ್ನು ಮೇಲಿನಿಂದ ಉದ್ದದ ಕಬ್ಬಿಣದ ಪೈಪಿನಲ್ಲಿ ಇಳಿಸಬೇಕು. ನೀರು ರಭಸದಿಂದ ಬಂದು ಒಂದು ವಾಲ್ವನ್ನು ಪಟ್ಟನೆ ಮುಚ್ಚುತ್ತದೆ. ದಾರಿ ಕಟ್ಟಿಹೋದ ನೀರಿನಲ್ಲಿ ಒಂದು ಪಾಲು ಆ ಪೆಟ್ಟಿಗೆ ಬೇರೆ ಪೈಪಿನಲ್ಲಿ ಮೇಲೇರುತ್ತದೆ. ವಾಲ್ವು ಮತ್ತೆ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಹಗಲೂ ಇರುಳೂ ತನ್ನಷ್ಟಕ್ಕೇ ಟಕ್, ಟಕ್. ಬರುವ ನೀರಿನಲ್ಲಿ ಹೆಚ್ಚಿನದು ಹರಿದು ತೊರೆಗೇ ಹೋಗುತ್ತದೆ, ಸ್ವಲ್ಪ ಮಾತ್ರ ದಿಣ್ಣೆ ಹತ್ತುತ್ತದೆ. ಆದರೆ ನಿಲ್ಲದೆ ಹತ್ತುತ್ತದೆ.

ನಾಪೋಕ್ಲಿನ ಮಾಪಿಳ್ಳೆ ಫಿಟ್ಟರ್, ಎಲ್ಲರೂ ಕಾಕ ಎಂದು ಕರೆಯುತ್ತಿದ್ದವರು, ಬಂದು ಪಂಪನ್ನು ತೊರೆಯ ಬದಿಗೆ ಕೂರಿಸಿದರು. ಮಲಯಾಳ, ಕನ್ನಡ, ಇಂಗ್ಲಿಷ್ ಮೂರನ್ನೂ ಒಂದೇ ಉಸಿರಿಗೆ ಆಡುವ ಆ ಮನುಷ್ಯ, ಅದನ್ನು ನಿಲ್ಲಿಸುವುದು ಮತ್ತು ಶುರು ಮಾಡುವುದು ಹೇಗೆಂದು ಮನೆಯವರೆಲ್ಲರಿಗೂ ತೋರಿಸಿಕೊಟ್ಟರು. ಅತ್ತೆ ಮುಂದೆ ನಿಂತು ನೋಡಿ, ವಾಲ್ವನ್ನು ಬೆರಳಿನಿಂದ ಒತ್ತಿ ಹಿಡಿದು ನಿಲ್ಲಿಸಿ, ಮತ್ತೆ ಕುಟ್ಟಿ ಓಡಿಸಿಯೂ ಬಿಟ್ಟರು. ಮಧ್ಯಾಹ್ನ ಬಚ್ಚಲಿನ ನಲ್ಲಿಯಲ್ಲಿ ಗಾಳಿ ಕೆಮ್ಮಿತು, ಕೆಂಪು ನೀರು ಬಂತು, ಆಮೇಲೆ ತಿಳಿನೀರು. ಅತ್ತೆ ಕೈಯೊಡ್ಡಿ ನಿಂತೇ ಇದ್ದರು. ನಂತರ ಕೊಡ ತಂದು ನಲ್ಲಿಗೆ ಹಿಡಿದು, ತುಂಬಿದ ಮೇಲೆ ಸೊಂಟಕ್ಕೇರಿಸಿ, ನಾಲ್ಕು ಹೆಜ್ಜೆ ದೂರದ ಅಡುಗೆಮನೆಗೆ ಒಯ್ದು ಇಳಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು.

"ಇಷ್ಟ್ ಹತ್ರದ ನೀರ್ ನಾ ಹುಟ್ಟಿದ ಮೇಲೆ ಹೊತ್ತಿಲ್ಲೆ ಗೂಡೆ," ಎಂದರು. ಅವರು ನನ್ನನ್ನು ಕರೆಯುತ್ತಿದ್ದುದು ಗೂಡೆ ಎಂದೇ, ಅವರ ಅರೆಭಾಷೆಯಲ್ಲಿ ಹುಡುಗಿ ಎಂದು.

ನಮ್ಮ ಕಡೆಯ ಸುಗ್ಗಿಹಬ್ಬ ಹುತ್ತರಿ ಬಂತು. ಹೊಸ ಭತ್ತದ ಕದಿರು ಮನೆಗೆ ಬಂದ ಮೇಲೆ, ಕೆಲವು ಬಗೆಯ ಎಲೆಗಳನ್ನು ಸೇರಿಸಿ ನಾರಿನಿಂದ ಸುತ್ತಿದ, ನೆರೆ ಎನ್ನುವ ಕಟ್ಟಿನೊಂದಿಗೆ ಒಂದೊಂದು ಕದಿರನ್ನು ಮನೆಯ ಕಂಬ, ಬಾಗಿಲು, ಕಣಜ, ನೊಗ, ನೇಗಿಲು ಎಲ್ಲಕ್ಕೂ ಕಟ್ಟುತ್ತೇವೆ. ಅನ್ನ ಕೊಡುವುದಕ್ಕೆಲ್ಲ ಅದರ ಪಾಲು ಸಲ್ಲಬೇಕು. ಕಟ್ಟಿದ್ದನ್ನು ಯಾರೂ ಬಿಚ್ಚುವುದಿಲ್ಲ, ಮುಂದಿನ ಹುತ್ತರಿಯವರೆಗೆ ಅದು ಅಲ್ಲೇ ಒಣಗುತ್ತದೆ. ಮರುದಿನ ಬೆಳಿಗ್ಗೆ ಅತ್ತೆ ಒಂದು ಕೊಡ, ಒಂದು ಕದಿರು, ತೆಂಗಿನ ಗೆರಟೆಯಲ್ಲಿ ಸಾಂಬ್ರಾಣಿ ಕೆಂಡ ಹಿಡಿದುಕೊಂಡು ತೊರೆಗೆ ಇಳಿದರು. ಪಂಪಿಗೂ ಕದಿರು ಕಟ್ಟಲು ಹೋಗುತ್ತಿದ್ದಾರೆಂದು ನನಗೆ ಗೊತ್ತಾಯಿತು. ಕೊಡ ಏಕೆಂದು ಕೇಳಿದೆ. ತೊರೆಗೆ ಕೊಡವಿಲ್ಲದೆ ಹೋಗಿ ಅಭ್ಯಾಸವೇ ಇಲ್ಲವೆಂದರು. ತುಂಬಿ ತರಕೂಡದೆಂದು ನಾನು ಮೂರು ಸಲ ಹೇಳಿ ಕಳಿಸಿದೆ. ಖಾಲಿ ಕೊಡವನ್ನೇ ಸೊಂಟದಲ್ಲಿಟ್ಟುಕೊಂಡು ಮರಳಿದರು.

ಅದಾಗಿ ಒಂದೂವರೆ ವಾರಕ್ಕೆ ಪಂಪಿನ ದನಿ ಬದಲಾಯಿತು.

ಮೊದಲು ಕೇಳಿಸಿಕೊಂಡವಳು ನಾನೇ ಎಂದು ಜಂಬದಿಂದಲೇ ಹೇಳುತ್ತೇನೆ. ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ದಿನವೂ ಮೆತ್ತಗೆ ಬರುತ್ತಿದ್ದ ಟಕ್, ಅಂದು ಕಮ್ಮಾರನ ಸುತ್ತಿಗೆಯಂತೆ ಢಣ್ ಎಂದು ಬರುತ್ತಿತ್ತು. ಮಾವನಿಗೆ ಹೇಳಿದರೆ, "ಜೋರಾಗಿ ಕೆಲಸ ಮಾಡ್ತುಟ್ಟು," ಎಂದು ಖುಷಿಪಟ್ಟರು. ಸಂಜೆಗೆ ನಲ್ಲಿ ಸಣ್ಣಗಾಯಿತು. ಎರಡು ದಿನದಲ್ಲಿ ದಾರವಾಯಿತು. ಬಚ್ಚಲಿನ ಒಲೆಗೆ ಬೆಂಕಿ ಹಾಕಿ ಹಂಡೆ ತುಂಬಲು ಕಾದು ಕೂತರೆ ಬೆಂಕಿ ಆರುತ್ತಿತ್ತೇ ಹೊರತು ಹಂಡೆ ತುಂಬುತ್ತಿರಲಿಲ್ಲ. ಮಾಗಿಯ ಚಳಿಗೆ ತಣ್ಣೀರು ಹೊಯ್ದುಕೊಂಡ ಮಾವ ಆ ಎರಡು ದಿನ ಕಂಬಳಿ ಹೊದ್ದುಕೊಂಡೇ ಓಡಾಡಿದರು.

ಕಾಕ ಬಂದರು. ಪಂಪಿನ ಮೇಲೆ ಬುರುಡೆಯಂಥ ಕಬ್ಬಿಣದ ಗುಮ್ಮಟ ಇತ್ತು. ಅದರ ಬೋಲ್ಟು ಬಿಚ್ಚಿ ಇಳಿಸಿ, ಒಳಗಿನ ವಾಲ್ವಿನ ತೊಗಲು ತೆಗೆದು ಹೊಸದು ಹಾಕಿದರು. "ತೋಲು ಪೋಯಿ ಗೌಡ್ರೆ. ಹೊಸ ತೊಗಲು ಹಾಕಿದೆ, ಇನ್ನು ಪೇಡಿ ಬೇಡ, ಭಯ ಬೇಡ," ಎಂದು ಕೈ ತೊಳೆದುಕೊಂಡರು. ಮೆತ್ತಗಿನ ಟಕ್ ಮರಳಿತು. ನಲ್ಲಿ ತುಂಬಿ ಹರಿಯಿತು. ಎಲ್ಲರಿಗೂ ಸಮಾಧಾನವಾಯಿತು, ಒಂಬತ್ತು ದಿನ.

ಹತ್ತನೇ ದಿನ ಮತ್ತೆ ಢಣ್.

ಈ ಸಲ ಕಾಕನಿಗೆ ಜ್ವರ, ಬರಲಾಗಲಿಲ್ಲ. ಮಾವ ತಾವೇ ತೊರೆಯ ಕಟ್ಟೆಗೆ ಇಳಿದು, ಪೈಪಿನ ಬಾಯಿಗೆ ಕಟ್ಟಿದ್ದ ಜರಡಿಯಲ್ಲಿ ಸಿಕ್ಕಿಕೊಂಡಿದ್ದ ಎಲೆ, ಕೆಸರು, ಒಂದು ಕಪ್ಪೆ ಎಲ್ಲ ತೆಗೆದರು. ಸ್ನಾನವೇನೋ ಅಲ್ಲೇ ಆಯಿತು, ನಲ್ಲಿಯಲ್ಲಿ ಮಾತ್ರ ಒಂದು ಹನಿಯೂ ಹೆಚ್ಚಾಗಲಿಲ್ಲ. ಜ್ವರ ಬಿಟ್ಟು ಬಂದ ಕಾಕ ಮತ್ತೆ ಗುಮ್ಮಟ ಇಳಿಸಿ ತೊಗಲು ಬದಲಿಸಿದರು. ಮತ್ತೆ ಒಂಬತ್ತು ದಿನ ಹಬ್ಬ, ಹತ್ತನೇ ದಿನ ಢಣ್. ಮೂರನೇ ಸಲ ಎಮ್ಮೆ ತೊಗಲು ಹಾಕಿದರು. ಅದೂ ಹತ್ತನೇ ದಿನಕ್ಕೆ ಮಕಾಡೆ ಮಲಗಿತು. ಪೆಟ್ಟಿನ ಅದುರಿಗೆ ಮೇಲೇರುವ ಪೈಪಿನ ಒಂದು ಜೋಡಣೆಯೂ ಸಡಿಲವಾಯಿತು.

ಮಾವ ಮಾನಿಷ್ಠರು. ತಾವು ತಂದ ಯಂತ್ರ ನಾಲ್ಕು ಜನರ ಮುಂದೆ ಹೀಗೆ ಕೈ ಕೊಟ್ಟಿದ್ದು ಅವರಿಗೆ ತಡೆಯಲಾಗಲಿಲ್ಲ. ಗದ್ದೆಯಾಚೆಯ ಮನೆಯಲ್ಲಿ ಅವರ ದಾಯಾದಿ ತಮ್ಮ ಇದ್ದರು, ನಾನು ಚಿಕ್ಕಮಾವ ಎನ್ನುತ್ತಿದ್ದೆ. ಅವರು ಕಾಫಿ ಸಸಿಮಡಿ ಮಾಡಿದ್ದರು. ಮೊದಲ ದಿನದಿಂದಲೂ ಆ ಪಂಪಿನ ಮೇಲೆ ಅವರಿಗೆ ಕಣ್ಣು. ನಮ್ಮ ತೊರೆಗೆ ಇಳಿಜಾರು ಸಾಲದು, ಅವರ ಕಡೆಯ ಹಳ್ಳಕ್ಕಾದರೆ ಸರಿಯಾಗಿ ಓಡುತ್ತದೆ ಎಂದು ಬಂದಾಗಲೆಲ್ಲ ಹೇಳುತ್ತಿದ್ದರು. ಒಂದು ದಿನ ಮಾವ ಊಟದ ಎಲೆಯ ಮುಂದೆ ಕೂತು ತೀರ್ಪು ಕೊಟ್ಟುಬಿಟ್ಟರು.

"ಶಿವರಾತ್ರಿ ಒಳಗೆ ಸರಿ ಆಗದಿದ್ರೆ ಅದ್ನ ಆಚೆ ಮನೆಗೆ ಕೊಡುದೇ. ಇಲ್ಲಿ ಇಟ್ಟ್‌ಕಂಡ್ ಎಂಥ ಮಾಡಿಕೆ?"

ನೀರು? ಎಂದು ನಾನು ಕೇಳಿದೆ. ಮಾವ ಅನ್ನ ಕಲಸುತ್ತಾ, ಆಳು ಇಡಬಹುದು ಎಂದರು. ಅದು ಕಾಫಿ ಕೊಯ್ಲಿನ ಸಮಯ, ಎಸ್ಟೇಟು ಬಿಟ್ಟು ನಮ್ಮ ಮನೆಗೆ ನೀರು ಹೊರಲು ಬರುವ ಆಳು ಯಾರೂ ಇಲ್ಲವೆಂದು ಅವರಿಗೂ ಗೊತ್ತಿತ್ತು. ಅತ್ತೆ ಸಾರು ಬಡಿಸಿದರು. ಸಂಜೆ ಮಾವ ಚಿಕ್ಕಮಾವನಿಗೂ ಹಾಗೆಯೇ ಮಾತು ಕೊಟ್ಟು ಬಂದರು.

ಮರುದಿನ ಬೆಳಿಗ್ಗೆ ನಾನು ಹಿತ್ತಲಿಗೆ ಹೋದಾಗ ಅತ್ತೆ ತೊರೆಯ ದಾರಿಯಲ್ಲಿದ್ದರು. ಸೊಂಟದಲ್ಲಿ ಕೊಡ, ಅದರಲ್ಲಿ ಅರ್ಧ ನೀರು. ನಾಲ್ಕು ಹೆಜ್ಜೆ ಹತ್ತಿ ನಿಲ್ಲುತ್ತಿದ್ದರು, ಮೊಣಕಾಲಿಗೆ ಕೈಯೊತ್ತಿ ಉಸಿರು ತೆಗೆದು ಮತ್ತೆ ಹತ್ತುತ್ತಿದ್ದರು. ಶಿವರಾತ್ರಿಯ ನಂತರದ ದಿನಗಳಿಗೆ ಆ ಕಾಲನ್ನು ಈಗಲೇ ಪಳಗಿಸಿ ನೋಡುತ್ತಿದ್ದರು. ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮಾವನ ಮೇಲೆ, ಕಾಕನ ತೊಗಲಿನ ಮೇಲೆ, ಚಿಕ್ಕಮಾವನ ಸಸಿಗಳ ಮೇಲೆ, ಎಲ್ಲಕ್ಕಿಂತ ಹೆಚ್ಚು ಬಾಯಿ ಬಿಡದ ಅತ್ತೆಯ ಮೇಲೆ. ಅಳುವೂ ಬಂತು. ಕೊಡ ಕಿತ್ತುಕೊಂಡು ನೀರನ್ನು ಬಾಳೆಯ ಬುಡಕ್ಕೆ ಸುರಿದೆ. "ನೀರ್ ಹಾಳ್ ಮಾಡಿಕೆ ಬೊತ್ತು," ಎಂದು ಅತ್ತೆ ನನ್ನನ್ನೇ ಗದರಿದರು.

ಅಂದು ಟ್ರಂಕಿನಿಂದ ಸ್ಕ್ರೂಡ್ರೈವರ್ ತೆಗೆದೆ.

ಆರು ತಿಂಗಳ ಬಸುರಿ ತೊರೆಗಿಳಿದು ಕಬ್ಬಿಣಕ್ಕೆ ಕಿವಿ ಕೊಟ್ಟು ಕೂತದ್ದನ್ನು ಯಾರಾದರೂ ನೋಡಿದ್ದರೆ ನನಗೆ ಗ್ರಹ ಬಡಿದಿದೆ ಎನ್ನುತ್ತಿದ್ದರು. ಮಾವ ಮಧ್ಯಾಹ್ನ ಮಲಗುವ ಹೊತ್ತು ಹಿಡಿದು ದಿನವೂ ಹೋದೆ. ಕೂರಲು ಒಂದು ಮಣೆಯನ್ನೂ ಒಯ್ದೆ. ಒಮ್ಮೆ ಕೂತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ, ನೋಡಿದಷ್ಟೂ ಆ ಯಂತ್ರ ಸೊಗಸಾಗಿತ್ತು. ನೀರನ್ನೇ ನೀರಿನಿಂದ ಹೊಡೆದು ಮೇಲೇರಿಸುವ ಉಪಾಯ ಯಾರ ತಲೆಗೆ ಮೊದಲು ಬಂದಿರಬಹುದೆಂದು ಯೋಚಿಸುತ್ತಾ ಕೂರುತ್ತಿದ್ದೆ. ಆ ಯೋಚನೆಯಲ್ಲಿ ಕೆಲವು ಸಲ ಬಂದ ಕೆಲಸವೇ ಮರೆಯುತ್ತಿತ್ತು.

ಬಚ್ಚಲಿನ ಗೋಡೆಯ ಮೇಲೆ ಇದ್ದಿಲಿನಿಂದ ಒಳ್ಳೆಯ ದಿನಕ್ಕೆ ಗೀಟು, ಕೆಟ್ಟ ದಿನಕ್ಕೆ ಸೊನ್ನೆ ಹಾಕುತ್ತಾ ಬಂದಿದ್ದೆ. ಅದರ ಮುಂದೆ ನಿಂತರೆ ಒಂದು ಮಾತು ಎದ್ದು ಕಾಣುತ್ತಿತ್ತು. ಮಾವ ಜರಡಿ ತೊಳೆದಾಗ ಒಂದು ದಿನವೂ ಸುಧಾರಿಸಿರಲಿಲ್ಲ. ಕಾಕ ತೊಗಲು ಬದಲಿಸಿದಾಗಲೆಲ್ಲ ಸುಧಾರಿಸಿತ್ತು. ಹಾಗಾದರೆ ದೋಷ ತೊಗಲಿನದೇ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಕಾಕ ಬಿಸಾಡಿ ಹೋಗಿದ್ದ ಹಳೆಯ ತೊಗಲುಗಳನ್ನು ಹೆಕ್ಕಿ ನೋಡಿದೆ. ಮೂರೂ ಗಟ್ಟಿಮುಟ್ಟಾಗಿದ್ದವು, ಅಂಚು ಸಹ ಸವೆದಿರಲಿಲ್ಲ. ಚಪ್ಪಲಿಗೆ ಹಾಕಿದ್ದರೆ ಮೂರು ವರ್ಷ ಬರುವ ತೊಗಲು ಒಂಬತ್ತೇ ದಿನಕ್ಕೆ ಸಾಯುವುದೇಕೆ?

ಸತ್ತದ್ದು ತೊಗಲಲ್ಲ, ಬೇರೇನೋ. ಕಾಕ ತೊಗಲು ಬದಲಿಸುವಾಗ ತಮಗೇ ಗೊತ್ತಿಲ್ಲದೆ ಇನ್ನೊಂದೇನೋ ಮಾಡುತ್ತಿದ್ದರು. ಜರಡಿ ತೊಳೆಯುವಾಗ ಮಾಡದೆ, ತೊಗಲು ಬದಲಿಸುವಾಗ ಮಾತ್ರ ಮಾಡುವುದೇನು? ಗುಮ್ಮಟ ಇಳಿಸುವುದು. ಇಳಿಸಿದಾಗ ಒಳಗಿನ ನೀರೆಲ್ಲ ಚೆಲ್ಲುತ್ತದೆ. ಖಾಲಿ ಗುಮ್ಮಟವನ್ನೇ ಮತ್ತೆ ಕೂರಿಸುತ್ತಾರೆ.

ಖಾಲಿ ಎಂದರೇನು, ಗಾಳಿ ತುಂಬಿದ್ದು. ನಾನು ಎದ್ದು ಗುಮ್ಮಟಕ್ಕೆ ಬೆರಳ ಗೆಣ್ಣಿನಿಂದ ಹೊಡೆದು ನೋಡಿದೆ, ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುತ್ತೇವಲ್ಲ, ಹಾಗೆ. ಮೇಲಿನಿಂದ ಕೆಳಗಿನವರೆಗೆ ಒಂದೇ ದನಿ, ಮಂದವಾದ, ತುಂಬಿದ ದನಿ. ಅದರೊಳಗೆ ಗಾಳಿಯಿರಲಿಲ್ಲ. ನನಗೆ ಅಪ್ಪನ ಅಂಗಡಿಯ ಸೈಕಲ್ಲು ನೆನಪಾಯಿತು. ಟ್ಯೂಬಿನಲ್ಲಿ ಗಾಳಿಯಿದ್ದರೆ ಕಲ್ಲಿನ ದಾರಿಯೂ ಮೆತ್ತಗೆ, ಗಾಳಿ ಹೋದರೆ ಪ್ರತಿ ಕಲ್ಲೂ ರಿಮ್ಮಿಗೇ ಹೊಡೆಯುತ್ತದೆ. ಪೆಟ್ಟನ್ನು ನುಂಗಿ ನೀರನ್ನು ಮೆತ್ತಗೆ ಮೇಲೆ ದೂಡುತ್ತಿದ್ದ ಗಾಳಿ, ಒಂಬತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ನೀರಿನೊಂದಿಗೆ ಹೋಗಿ ಮುಗಿಯುತ್ತಿತ್ತು. ಉಳಿದದ್ದು ಕಬ್ಬಿಣಕ್ಕೆ ನೀರಿನ ಪೆಟ್ಟು, ಢಣ್.

ಆದರೆ ಹುತ್ತರಿಗೆ ಮುಂಚೆ ಎರಡು ತಿಂಗಳು ಗುಮ್ಮಟ ಇಳಿಸದೆಯೇ ಓಡಿತ್ತಲ್ಲ! ಆಗ ಹೋದ ಗಾಳಿಯ ಬದಲು ಹೊಸ ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿತ್ತು. ಎಲ್ಲಿಂದ? ಸುತ್ತಲೂ ಬೆರಳಾಡಿಸಿ ನೋಡಿದೆ. ಬೋಲ್ಟು, ಅಂಚು, ಪೈಪಿನ ಕೂಡು, ಎಲ್ಲೂ ದಾರಿಯಿಲ್ಲ. ಯಾರೂ ಮುಟ್ಟಿರದ ಜಾಗ ಒಂದೇ ಉಳಿದಿತ್ತು. ಗುಮ್ಮಟದ ಕೆಳಗೆ, ಪಂಪಿನ ಕತ್ತಿಗೆ ಸುತ್ತಿದ ನಾರು, ಒಣಗಿದ ಎಲೆ, ಬಾಗಿದ ಒಂದು ಕದಿರು. ಮೂರು ಸಲ ಬಂದು ಬೋಲ್ಟೆಲ್ಲ ಬಿಚ್ಚಿದ ಕಾಕ ಸಹ, "ನಿಮ್ಮ ಹುತ್ತರಿಯ ಕಟ್ಟು, ನಾನು ಮುಟ್ಟೋದಿಲ್ಲ," ಎಂದು ಜೋಪಾನವಾಗಿ ಅದರ ಮೇಲ್ಗಡೆಯೇ ಕೆಲಸ ಮಾಡಿದ್ದರು.

ನಾನೂ ಬಿಚ್ಚಲಿಲ್ಲ, ಬಿಚ್ಚಲು ಧೈರ್ಯ ಬರಲಿಲ್ಲ. ನೆರೆಯ ಅಡಿಗೆ ಕಿರುಬೆರಳು ತೂರಿಸಿದೆ. ಕಬ್ಬಿಣದ ಒರಟಿನ ನಡುವೆ ಒಂದು ಕಡೆ ನುಣ್ಣಗೆ ಉಬ್ಬಿದ್ದು ತಾಗಿತು. ಉಗುರಿನಿಂದ ಕೆರೆದೆ. ಕಂದು ಬಣ್ಣದ, ಹೊಗೆಯ ವಾಸನೆಯ ಹಲಸಿನ ಮೇಣ. ನಮ್ಮ ಅಡುಗೆಮನೆಯಲ್ಲಿ ಸೋರುವ ಪಾತ್ರೆಗಳಿಗೆಲ್ಲ ಅದೇ ಮದ್ದು. ಒಲೆಯ ಮೇಲಿನ ಅಟ್ಟದಲ್ಲಿ ಕೋಲಿಗೆ ಸುತ್ತಿದ ಅದರ ಉಂಡೆ ಇರುತ್ತಿತ್ತು. ಕೆಂಡಕ್ಕೆ ಹಿಡಿದು ಮೆತ್ತಗಾದ ಮೇಲೆ ಮೆತ್ತುವ ಆ ಕೆಲಸ ಮನೆಯಲ್ಲಿ ಒಬ್ಬರದೇ.

ಅಪ್ಪನ ಪ್ರಶ್ನೆಯನ್ನು ನಾನು ಮಾವನ ಬಗ್ಗೆ ಕೇಳಿಕೊಂಡಿದ್ದೆ, ಕಾಕನ ಬಗ್ಗೆ ಕೇಳಿಕೊಂಡಿದ್ದೆ. ಕೊನೆಗೆ ಮುಟ್ಟಿದವರು ಅತ್ತೆಯಾಗಿರಬಹುದೆಂದು ನನ್ನ ತಲೆಗೇ ಬಂದಿರಲಿಲ್ಲ. ಕೆಂಡದ ಗೆರಟೆಯನ್ನು ಕಣ್ಣಾರೆ ಕಂಡವಳು ನಾನು.

ತಲೆಯ ಪಿನ್ನು ತೆಗೆದು, ಪೆಟ್ರೋಮ್ಯಾಕ್ಸಿನ ಮೂತಿಯ ಕಸ ಬಿಡಿಸುವಂತೆ ಮೇಣವನ್ನು ಚುಚ್ಚಿ ಬಿಡಿಸಿದೆ. ಸಾಸಿವೆ ಕಾಳು ಹೋಗುವಷ್ಟು ತೂತು. ಮರು ಪೆಟ್ಟಿಗೆ ಅದರಿಂದ ನೀರು ಚಿಮ್ಮಿ ನನ್ನ ಮುಖಕ್ಕೆ ಹೊಡೆಯಿತು. ಒಡನೆಯೇ ಸಿರ್ ಎಂದು ಗಾಳಿ ಎಳೆದುಕೊಂಡಿತು. ಉಗುಳುವುದು, ಎಳೆಯುವುದು, ಉಗುಳುವುದು, ಎಳೆಯುವುದು. ತೊರೆಯ ಬದಿಯಲ್ಲಿ ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಕೂಸೂ ಒಳಗಿನಿಂದ ಒದೆಯಿತು.

ಅಡುಗೆಮನೆಗೆ ಬಂದು ಮೇಣದ ಚೂರನ್ನು ಅತ್ತೆಯ ಅಂಗೈಯಲ್ಲಿಟ್ಟೆ. ಅವರು ಗುರುತಿಸಿದರು.

"ಅದ್ ಸೋರ್ತಿತ್ತ್ ಗೂಡೆ," ಎಂದರು. "ಒಂದೊಂದ್ ಪೆಟ್ಟಿಗೂ ಕತ್ತಿಂದ ನೀರ್ ಉಗುಳ್ತಿತ್ತ್. ನನ್ನ ಸೊಂಟದ ಭಾರ ಇಳ್ಸಿದ್ ಅದ್. ಹಬ್ಬದ ದಿನ ಅದ್ನ ಹಂಗೇ ಸೋರಿಕೆ ಬಿಟ್ಟ್ ಹೆಂಗೆ ಬರುದು? ನಿಲ್ಸಿ, ಒರ್ಸಿ, ಮೇಣ ಮೆತ್ತಿ, ಮತ್ತೆ ಓಡ್ಸಿ, ಕದಿರ್ ಕಟ್ಟಿದೆ."

ಆ ತೂತು ಸೋರುವುದಲ್ಲ, ಉಸಿರಾಡುವುದು ಎಂದು ನಾನು ಹೇಳಿದೆ. ಅವರು ಮೇಣವನ್ನು ಹಿಡಿದುಕೊಂಡೇ ಒಲೆಯ ಮುಂದೆ ಕೂತುಬಿಟ್ಟರು. ಜೀವಮಾನವಿಡೀ ಒಂದು ತಂಬಿಗೆ ನೀರನ್ನೂ ಚೆಲ್ಲದ ಹೆಂಗಸು.

"ಹಂಗಾರೆ ಉಸಿರ್ ಕಟ್ಟಿಸಿದ್ ನಾನಾ?"

ನನಗೆ ಅವರ ಮೇಲೆ ಅಂದು ಬಂದಷ್ಟು ಪ್ರೀತಿ ಆ ಮನೆಯಲ್ಲಿ ಅದುವರೆಗೆ ಯಾರ ಮೇಲೂ ಬಂದಿರಲಿಲ್ಲ. ಯಾರಿಗೂ ಹೇಳುವುದು ಬೇಡ, ಪಂಪು ತಾನಾಗಿ ಸರಿಯಾಯಿತೆಂದರೆ ಆಯಿತು ಎಂದೆ. ಅತ್ತೆ ಮೇಣದ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಮರುದಿನವೇ ಶಿವರಾತ್ರಿ. ಬೆಳಿಗ್ಗೆ ಚಿಕ್ಕಮಾವ ಇಬ್ಬರು ಆಳುಗಳೊಂದಿಗೆ ಹಾರೆ, ಬೋಲ್ಟು ಬಿಚ್ಚುವ ಪಾನ ಹಿಡಿದುಕೊಂಡು ಅಂಗಳಕ್ಕೆ ಬಂದರು. ಆ ಹೊತ್ತಿಗೆ ಪಂಪು ಗಾಳಿ ಕುಡಿದು ಕುಡಿದು ದನಿ ಇಳಿಸಿತ್ತು. ಬಚ್ಚಲಿನಲ್ಲಿ ಹಂಡೆಗೆ ನೀರು ಬೀಳುವುದು ಅಂಗಳದವರೆಗೂ ಕೇಳುತ್ತಿತ್ತು. ಮಾವ ಎರಡು ಸಲ ಹೋಗಿ ನಲ್ಲಿ ನೋಡಿ ಬಂದರು. ಚಿಕ್ಕಮಾವ ನಕ್ಕರು.

"ಇದ್ ಒಂಬತ್ತ್ ದಿನದ ಆಟ ಅಣ್ಣ. ಹತ್ತನೇ ದಿನ ಮತ್ತೆ ನಂಗೆ ಹೇಳಿ ಕಳ್ಸಿಕೆ ಉಟ್ಟು. ಮಾತ್ ಕೊಟ್ಟಾಗುಟ್ಟು, ಬಿಚ್ಚಿಕಂಡ್ ಹೋನೆ."

ಮಾವ ಮಾತಿಗೆ ಕಟ್ಟುಬಿದ್ದವರು. ತಲೆ ಕೆಳಗೆ ಹಾಕಿ ನಿಂತರು. ನಾನು ಬಾಗಿಲ ಬಳಿಯಿಂದ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನನ್ನು ದಾಟಿ ಹೊರಗೆ ಬಂದರು. ಬಂದವರೆದುರು ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂಗೈ ಬಿಡಿಸಿ ಮೇಣ ತೋರಿಸಿದರು.

"ಕೆಡ್ಸಿದ್ ನಾನ್. ಗಾಳಿ ಹೋಗುವ ತೂತಿಗೆ ಇದ್ನ ಮೆತ್ತಿದೆ. ಹುಡ್ಕಿದ್ ಈ ಗೂಡೆ. ತೊಗಲಿಗೂ ಏನಿಲ್ಲೆ, ತೊರೆಗೂ ಏನಿಲ್ಲೆ. ಯಾರೂ ಅದ್ನ ಒಯ್ಯಿಕೆ ಬೊತ್ತು."

ಮಾವ ಮೇಣವನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಬೈಯುತ್ತಾರೆಂದು ನಾನು ಸೆರಗು ಬಿಗಿಹಿಡಿದಿದ್ದೆ. ಅವರು ತಮ್ಮನ ಕಡೆ ತಿರುಗಿ, "ಹತ್ತ್ ದಿನ ನೋಡುವ," ಎಂದಷ್ಟೇ ಹೇಳಿದರು. ಚಿಕ್ಕಮಾವ ಕಾಫಿ ಕುಡಿದು, ಹಾರೆಗಳನ್ನು ನಮ್ಮ ಕೊಟ್ಟಿಗೆಯಲ್ಲೇ ಬಿಟ್ಟು ಹೋದರು. ಹತ್ತು ದಿನದಲ್ಲಿ ಬೇಕಾಗುತ್ತದೆ ಎಂಬ ನಂಬಿಕೆ.

ಆ ಹತ್ತು ದಿನ ನಾವು ಮೂವರೂ ಕಿವಿಯಾಗಿಯೇ ಬದುಕಿದೆವು. ಗೋಡೆಯ ಮೇಲೆ ಗೀಟು ಬೀಳುತ್ತಾ ಹೋಯಿತು. ಎಂಟನೇ ದಿನ ಮಾವ ಎರಡು ಸಲ ತೊರೆಗೆ ಹೋಗಿ ಬಂದರು. ಒಂಬತ್ತನೇ ದಿನ ಅತ್ತೆ ಊಟ ಮಾಡಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಮೂವರೂ ಜಗಲಿಯಲ್ಲಿ ನಿಂತು ಕೇಳಿದೆವು. ಟಕ್, ಟಕ್, ಅದೇ ಮೆತ್ತಗಿನ ದನಿ. ಬಿಸಿಲೇರುವವರೆಗೂ ಅದೇ. ಮಾವ 'ಹೂಂ' ಎಂದು ಒಳಗೆ ಹೋಗಿ, ಸಾಬೂನು ತೆಗೆದುಕೊಂಡು ಬಚ್ಚಲು ಸೇರಿದರು. ಹಾರೆಗಳನ್ನು ಆಚೆ ಮನೆಗೆ ನಾನೇ ಹೇಳಿ ಕಳಿಸಿ ಒಯ್ಯಿಸಿದೆ. ಆ ಸಂತೋಷವನ್ನು ಬೇರೆಯವರಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಮಧ್ಯಾಹ್ನ ಅತ್ತೆ ಪಂಪನ್ನು ನೋಡಿಬರುತ್ತೇನೆಂದು ಹೊರಟರು. ಹಿತ್ತಲ ಬಾಗಿಲಲ್ಲಿ, ಅಭ್ಯಾಸದಂತೆ, ಕೈ ಕೊಡದ ಕಡೆಗೆ ಹೋಯಿತು. ಎತ್ತಿ ಸೊಂಟಕ್ಕಿಟ್ಟರು. ಎರಡು ಹೆಜ್ಜೆ ಹೋದವರು ನಿಂತರು. ತಿರುಗಿ ಬಂದು ಕೊಡವನ್ನು ಕಟ್ಟೆಯ ಮೇಲೆ ಬೋರಲು ಹಾಕಿದರು. ಆಮೇಲೆ ಕಾಲು ನೋಡಿಕೊಳ್ಳುತ್ತಾ, ನಿಧಾನವಾಗಿ ಇಳಿದು ಹೋದರು. ಎಡಗೈ ಮಾತ್ರ ಸೊಂಟದ ಬಳಿ ಕೊಡ ಹಿಡಿದಂತೆ ಬಳಸಿಕೊಂಡೇ ಇತ್ತು.

ಬಹಳ ಹೊತ್ತಿನ ಮೇಲೆ ಬಂದರು. ಜಗಲಿಯಲ್ಲಿ ನನ್ನ ಪಕ್ಕ ಕೂತು, ಎರಡು ಅಂಗೈಗಳನ್ನೂ ಮಡಿಲಲ್ಲಿ ಬಿಡಿಸಿ ನೋಡಿಕೊಂಡರು.

"ಏರ್ ಹತ್ತಿ ಬರ್ವಾಗ ಈ ಖಾಲಿ ಕೈಲಿ ಎಂಥ ಮಾಡಿಕೆ ಹೇಳಿ ಗೊತ್ತೇ ಆತಿಲ್ಲೆ ಗೂಡೆ," ಎಂದರು.

ನಾನು ಆ ಕೈ ಹಿಡಿದುಕೊಂಡು, ಮಾವ ಕಾಫಿ ಕೇಳುವವರೆಗೂ ಅಲ್ಲೇ ಕೂತಿದ್ದೆ.